ಬಣ್ಣದ ಹಾಳೆಯಿಂದ ವಿಕಿರಣದ ಅಳತೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಭೌತವಿಜ್ಞಾನದ ಲೇಖನಕ್ಕೆ ಎಡೆಯೇಕೆ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ಹಳ್ಳಿಗಳಿಂದ ಬರುವ ನಮ್ಮಲ್ಲಿ ಅನೇಕರ ಮನೆಯ ಲೆಕ್ಕ ಈರುಳ್ಳಿಯ ಮೇಲೆ ನಿಂತಿರುವುದು ಎಲ್ಲರೂ ಬಲ್ಲ ಸಂಗತಿ. ಬೆಲೆ ಕುಸಿದ ವರ್ಷ “ವಿಕಿರಣ ಹಾಯಿಸಿದರೆ ಈರುಳ್ಳಿ ಮೊಳೆಯುವುದಿಲ್ಲವಂತೆ, ತಿಂಗಳುಗಟ್ಟಲೆ ಇಡಬಹುದಂತೆ” ಎಂಬ ಮಾತು ಮಂಡಿಯಲ್ಲಿಯೂ ಕೇಳುತ್ತದೆ, ಅರ್ಥಶಾಸ್ತ್ರದ ತರಗತಿಯಲ್ಲಿಯೂ ಕೇಳುತ್ತದೆ. ಎಷ್ಟು ವಿಕಿರಣ ಹಾಯಿಸಬೇಕು, ಹಾಯಿಸಿದ್ದು ಅಷ್ಟೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಈ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರಗಳಲ್ಲಿ ಅತ್ಯಂತ ಸರಳವಾದದ್ದು ಬಣ್ಣ ಹಾಕಿದ ಒಂದು ತುಂಡು ಪ್ಲಾಸ್ಟಿಕ್ಕು. ಅದರ ವಿಚಾರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಅಳತೆಯ ಮಾನವನ್ನು ತಿಳಿದುಕೊಳ್ಳೋಣ. ಒಂದು ಕಿಲೋಗ್ರಾಂ ಪದಾರ್ಥ ಒಂದು ಜೌಲ್ ಶಕ್ತಿಯನ್ನು ವಿಕಿರಣದಿಂದ ಹೀರಿಕೊಂಡರೆ ಅದಕ್ಕೆ ಒಂದು ‘ಗ್ರೇ’ ಡೋಸು ಸಂದಿತು ಎನ್ನುತ್ತಾರೆ. ಲೂಯಿ ಹೆರಾಲ್ಡ್ ಗ್ರೇ ಎಂಬ ಇಂಗ್ಲಿಷ್ ಭೌತವಿಜ್ಞಾನಿಯ ಹೆಸರಿನಲ್ಲಿ ಈ ಮಾನ ೧೯೭೫ರಲ್ಲಿ ಅಂಗೀಕೃತವಾಯಿತು. ಹಳೆಯ ಪುಸ್ತಕಗಳಲ್ಲಿ ಕಾಣುವ ‘ರ್‍ಯಾಡ್’ ಇದರ ನೂರನೆಯ ಒಂದು ಪಾಲು. ಸಾವಿರ ಗ್ರೇಗೆ ಒಂದು ಕಿಲೋಗ್ರೇ. ಮನುಷ್ಯನ ಇಡೀ ದೇಹಕ್ಕೆ ಒಮ್ಮೆಗೇ ನಾಲ್ಕೈದು ಗ್ರೇ ತಗುಲಿದರೆ, ಚಿಕಿತ್ಸೆಯಿಲ್ಲದೆ ಬದುಕುವ ಆಸೆ ಅರ್ಧಕ್ಕರ್ಧ ಕಡಿಮೆ. ಈರುಳ್ಳಿಯ ಮೊಳಕೆಯನ್ನು ತಡೆಯಲು ಬೇಕಾಗುವುದು ಸುಮಾರು ೬೦ ಗ್ರೇ. ಹೊರದೇಶಕ್ಕೆ ಹೋಗುವ ಮಾವಿನ ಹಣ್ಣಿನಲ್ಲಿ ಹುಳುಗಳು ವಂಶ ಬೆಳೆಸದಂತೆ ಮಾಡಲು ಅಮೆರಿಕದವರು ಕೇಳುವುದು ಕನಿಷ್ಠ ೪೦೦ ಗ್ರೇ. ನಮ್ಮ ಮಲೆನಾಡಿನ ಮೆಣಸಿನಂಥ ಸಂಬಾರ ಪದಾರ್ಥಗಳ ಸೂಕ್ಷ್ಮಜೀವಿಗಳನ್ನು ತೊಡೆಯಲು ನಮ್ಮ ದೇಶದ ನಿಯಮ ಹೇಳುವುದು ೬ರಿಂದ ೧೪ ಕಿಲೋಗ್ರೇ. ಶಸ್ತ್ರಚಿಕಿತ್ಸೆಯ ಕೈಗವಸು, ಹೊಲಿಗೆಯ ದಾರ ಮುಂತಾದುವನ್ನು ಪೂರ್ಣವಾಗಿ ನಿರ್ಜೀವಾಣುಕವಾಗಿಸಲು ಬಹುಕಾಲದಿಂದ ರೂಢಿಯಲ್ಲಿರುವ ಡೋಸು ೨೫ ಕಿಲೋಗ್ರೇ, ಎಂದರೆ ಮನುಷ್ಯನಿಗೆ ಮಾರಕವಾಗುವುದರ ಐದಾರು ಸಾವಿರ ಪಟ್ಟು.

ಇಷ್ಟು ಭಾರಿ ಡೋಸನ್ನು ಅಳೆಯುವುದೇನು ಕಷ್ಟ, ಉಷ್ಣಮಾಪಕ ಇಟ್ಟರೆ ಸಾಲದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ೪,೨೦೦ ಜೌಲ್ ಬೇಕು. ೨೫ ಕಿಲೋಗ್ರೇ ಹೀರಿದ ನೀರು ಏರುವುದು ಕೇವಲ ಆರು ಡಿಗ್ರಿ. ೬೦ ಗ್ರೇ ಪಡೆದ ಈರುಳ್ಳಿ ಒಂದು ಡಿಗ್ರಿಯ ನೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಬೆಚ್ಚಗಾದೀತು, ಅಷ್ಟೆ. ಮನುಷ್ಯನನ್ನು ಕೊಲ್ಲುವ ಡೋಸು ಅವನ ಮೈಯನ್ನು ಒಂದು ಡಿಗ್ರಿಯ ಸಾವಿರದ ಒಂದು ಪಾಲಿನಷ್ಟು ಮಾತ್ರ ಬಿಸಿಮಾಡುತ್ತದೆ. ಒಂದು ಲೋಟ ಕಾಫಿ ಕುಡಿದರೆ ಅದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ! ವಿಕಿರಣದ ಬಲ ಅದರ ಶಾಖದಲ್ಲಿಲ್ಲ. ಅಣುಗಳಿಂದ ಎಲೆಕ್ಟ್ರಾನುಗಳನ್ನು ಹೊಡೆದು ಹಾರಿಸಿ, ರಾಸಾಯನಿಕ ಬಂಧಗಳನ್ನು ಮುರಿಯುವುದರಲ್ಲಿ ಅದರ ಬಲವಿದೆ. ಆದುದರಿಂದ ಅದನ್ನು ಅಳೆಯುವುದಕ್ಕೂ ರಸಾಯನಶಾಸ್ತ್ರವೇ ಅನುಕೂಲ.

ಬಂಧ ಮುರಿದರೆ ಕಣ್ಣಿಗೆ ಕಾಣುವುದು ಯಾವುದು? ಬಣ್ಣ. ಅಂಗಡಿಯ ಮುಂದೆ ನೇತುಹಾಕಿದ ಪ್ಲಾಸ್ಟಿಕ್ ಬಿಂದಿಗೆಯ ಬಣ್ಣ ಒಂದು ಬೇಸಗೆಯಲ್ಲಿ ಮಾಸುವುದನ್ನು ನಾವು ನೋಡಿದ್ದೇವೆ. ಬಿಸಿಲಿನ ನೇರಳಾತೀತ ಕಿರಣ ಬಣ್ಣದ ಅಣುಗಳನ್ನು ಒಡೆಯುವುದೇ ಅದಕ್ಕೆ ಕಾರಣ. ಗಾಮಾ ಕಿರಣವೂ ಹಾಗೆಯೇ, ಇನ್ನೂ ಬಿರುಸಾಗಿ ಮಾಡುತ್ತದೆ. ೧೯೫೬ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಹೆನ್ಲಿ ಮತ್ತು ರಿಚ್‌ಮನ್ ಎಂಬವರು, ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ನೀಲಿ ಸೆಲೋಫೇನ್ ಹಾಳೆಯ ಬಣ್ಣ ವಿಕಿರಣದಿಂದ ಎಷ್ಟು ಮಾಸಿತು ಎಂಬುದರ ಮೇಲೆ ಭಾರಿ ಡೋಸುಗಳನ್ನು ಅಳೆಯಬಹುದೆಂದು ತೋರಿಸಿದರು. ಇಲ್ಲಿ ಬಣ್ಣ ಹೋಗುವುದೇ ಅಳತೆ.

ಬಣ್ಣ ಬರುವುದನ್ನೂ ಅಳತೆಯಾಗಿಸಬಹುದು. ೧೯೬೦ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ವಿಲಿಯಂ ಮೆಕ್‌ಲಾಫ್ಲಿನ್ ಎಂಬವರು ಬಣ್ಣವಿಲ್ಲದ ರೂಪದ ಬಣ್ಣಗಳ ಮೇಲೆ ಕೆಲಸ ಮಾಡಿದರು. ಪ್ಯಾರಾರೋಸನಿಲಿನ್ ಎಂಬ ಗಾಢ ವರ್ಣದ್ರವ್ಯದ ಅಣುವಿಗೆ ಒಂದು ಸಯನೈಡ್ ತುಂಡನ್ನು ಅಂಟಿಸಿದರೆ ಅದರ ಬಣ್ಣ ಅಡಗಿಹೋಗುತ್ತದೆ. ಅದನ್ನು ನೈಲಾನಿನಲ್ಲಿ ಬೆರೆಸಿ ತೆಳ್ಳನೆಯ ಹಾಳೆ ಮಾಡಿದರೆ ಹಾಳೆ ನೀರಿನಂತೆ ತಿಳಿಯಾಗಿರುತ್ತದೆ. ವಿಕಿರಣ ಬಿದ್ದಾಗ ಆ ತುಂಡು ಕಳಚಿಕೊಳ್ಳುತ್ತದೆ, ಅಡಗಿದ್ದ ಬಣ್ಣ ಕಡು ನೀಲಿಯಾಗಿ ಹೊರಬರುತ್ತದೆ. ಹೆಚ್ಚು ಡೋಸು, ಹೆಚ್ಚು ನೀಲಿ. ಇದರ ತಮ್ಮನಂಥ ಇನ್ನೊಂದು ಹಾಳೆ ಪಾಲಿವಿನೈಲ್ ಬ್ಯುಟಿರಾಲಿನದು. ಡೆನ್ಮಾರ್ಕಿನ ರಿಸೊ ಪ್ರಯೋಗಾಲಯದವರು ಬಳಕೆಗೆ ತಂದ ಆ ಹಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಇಂಗ್ಲೆಂಡಿನ ಹಾರ್ವೆಲ್ ಎಂಬಲ್ಲಿಯ ಪರಮಾಣು ಕೇಂದ್ರದವರು ಹಿಡಿದ ದಾರಿ ಬೇರೆ. ಪರ್‌ಸ್ಪೆಕ್ಸ್ ಎಂಬ ಗಟ್ಟಿ, ಪಾರದರ್ಶಕ ಪ್ಲಾಸ್ಟಿಕ್ಕನ್ನು ನಾವು ಅಂಗಡಿಗಳ ನಾಮಫಲಕಗಳಲ್ಲಿ ನೋಡುತ್ತೇವೆ. ಅದಕ್ಕೆ ಕೆಂಪು ಬಣ್ಣ ಬೆರೆಸಿ ಸುಮಾರು ಮೂರು ಮಿಲಿಮೀಟರು ದಪ್ಪದ, ಬೆರಳಿನ ಅಗಲದ ತುಂಡುಗಳಾಗಿ ಕತ್ತರಿಸಿ, ಗಾಳಿಯ ತೇವ ತಗುಲದಂತೆ ಅಲ್ಯೂಮಿನಿಯಮ್ ಹಾಳೆಯ ಚೀಟಿಚೀಲದಲ್ಲಿ ಮುಚ್ಚಿಡುತ್ತಾರೆ. ವಿಕಿರಣ ಹಾಯ್ದಾಗ ಈ ಕೆಂಪು ಕಪ್ಪಿಡುತ್ತದೆ. ೫ರಿಂದ ೫೦ ಕಿಲೋಗ್ರೇವರೆಗೆ ಇದನ್ನು ಬಳಸಬಹುದು. ಕಿತ್ತಳೆ ಛಾಯೆಯ ಇನ್ನೊಂದು ಬಗೆ ಒಂದು ಕಿಲೋಗ್ರೇಯಿಂದಲೇ ಉಪಯುಕ್ತ. ಮೆಣಸು ಮುಂತಾದ ಸಂಬಾರಗಳಿಗೆ ಅದು ಸರಿಹೊಂದುತ್ತದೆ.

ಬಣ್ಣ ಬದಲಾಯಿತು ಸರಿ. ಅದನ್ನು ಅಂಕಿಯಾಗಿಸುವುದು ಹೇಗೆ? ತರೀಕೆರೆಯ ಕಡೆ ಅಡಿಕೆ ಬೇಯಿಸಿ ಚೊಗರಿನಲ್ಲಿ ಬಣ್ಣ ಕಟ್ಟುವವರಿಗೂ, ಅದನ್ನು ಕೊಳ್ಳುವ ವ್ಯಾಪಾರಿಗಳಿಗೂ ಕಣ್ಣಳತೆಯೇ ಪ್ರಮಾಣ. ಅವರ ಕಣ್ಣು ಪಳಗಿದ ಕಣ್ಣು, ನಿಜ. ಆದರೂ ಬೆಳಗಿನ ಬೆಳಕಿನಲ್ಲಿ ಕಂಡ ಕೆಂಪು ಸಂಜೆಯ ದೀಪದಲ್ಲಿ ಬೇರೆಯಾಗಿ ಕಾಣುತ್ತದೆ. ಆದುದರಿಂದ ಇಲ್ಲಿ ಸ್ಪೆಕ್ಟ್ರೋಫೋಟೋಮೀಟರು ಎಂಬ ಉಪಕರಣವನ್ನು ಉಪಯೋಗಿಸುತ್ತಾರೆ. ಒಂದೇ ತರಂಗದೂರದ ಬೆಳಕನ್ನು ತುಂಡಿನ ಮೂಲಕ ಹಾಯಿಸಿ, ಎಷ್ಟು ಹೊರಬಂತೆಂದು ಅದು ಹೇಳುತ್ತದೆ. ಕೆಂಪು ಪರ್‌ಸ್ಪೆಕ್ಸಿಗೆ ೬೪೦ ನ್ಯಾನೋಮೀಟರಿನ ಬೆಳಕನ್ನು ಆರಿಸುತ್ತಾರೆ. ಇದು ಕೆಂಪು ಬೆಳಕೇ. ಹೊಸ ತುಂಡು ಇದನ್ನು ಸರಾಗವಾಗಿ ಹೊರಬಿಡುತ್ತದೆ, ವಿಕಿರಣ ಪಡೆದ ತುಂಡು ತಡೆಯುತ್ತದೆ. ವ್ಯತ್ಯಾಸ ಸ್ಪಷ್ಟವಾಗಿರುವ ಜಾಗದಲ್ಲಿ ಅಳೆಯುವುದು ಜಾಣತನ.

ಇಲ್ಲಿರುವ ನಿಯಮವನ್ನು ಗಣೇಶನ ಹಬ್ಬದ ಮಂಟಪಕ್ಕೆ ತಂದ ಬಣ್ಣದ ಜಿಲೇಟಿನ್ ಕಾಗದದಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಹಾಳೆ ಬೆಳಕಿನ ಅರ್ಧವನ್ನು ಬಿಡುತ್ತದೆ ಎನ್ನಿ. ಎರಡು ಹಾಳೆ ಸೇರಿಸಿ ಹಿಡಿದರೆ ಬೆಳಕು ಪೂರ್ತಿ ನಿಲ್ಲುವುದಿಲ್ಲ, ಕಾಲುಭಾಗ ಬರುತ್ತದೆ. ಮೂರು ಹಿಡಿದರೆ ಅರೆಪಾಲು. ಹೊರಬರುವ ಬೆಳಕನ್ನೇ ಲೆಕ್ಕಕ್ಕೆ ಹಿಡಿದರೆ ಗುಣಾಕಾರದಲ್ಲಿ ಸಿಕ್ಕಿಬೀಳುತ್ತೇವೆ. ಅದಕ್ಕಾಗಿ ‘ಹೀರಿಕೆ’ ಎಂಬ ಬೇರೊಂದು ಅಂಕಿಯನ್ನು ಮಾಡಿಕೊಂಡಿದ್ದಾರೆ. ಹತ್ತರಲ್ಲಿ ಒಂದು ಪಾಲು ಬೆಳಕು ಹೊರಬಂದರೆ ಹೀರಿಕೆ ೧, ನೂರರಲ್ಲಿ ಒಂದು ಪಾಲಾದರೆ ೨, ಸಾವಿರದಲ್ಲಿ ಒಂದಾದರೆ ೩. ಹೀಗೆ ಮಾಡಿದರೆ ಹೀರಿಕೆ ದಪ್ಪಕ್ಕೂ ಬಣ್ಣದ ಅಣುಗಳ ಸಂಖ್ಯೆಗೂ ನೇರ ಪ್ರಮಾಣದಲ್ಲಿ ಏರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಬೂಗೇ ಮತ್ತು ಲ್ಯಾಂಬರ್ಟ್, ೧೮೫೨ರಲ್ಲಿ ಬೀಯರ್ ಎಂಬವರು ಇದನ್ನು ಬೆಳೆಸಿದರು. ಪರಮಾಣುವಿನ ಕನಸನ್ನೂ ಕಾಣದ ಅವರ ನಿಯಮ ಇಂದು ಪರಮಾಣು ಸ್ಥಾವರದ ನಿತ್ಯದ ಕೆಲಸಕ್ಕೆ ಒದಗಿದೆ.

ಒಂದು ಲೆಕ್ಕ ಮಾಡೋಣ. ಇದರ ಅಂಕಿಗಳು ಉದಾಹರಣೆಗಾಗಿ ಊಹಿಸಿದವು. ಒಂದು ತುಂಡಿನ ದಪ್ಪ ೩.೦ ಮಿಲಿಮೀಟರು, ಹೀರಿಕೆ ೦.೬೦. ಇನ್ನೊಂದರ ದಪ್ಪ ೩.೩, ಹೀರಿಕೆ ೦.೬೬. ಎರಡನೆಯದು ಹೆಚ್ಚು ಕಪ್ಪಾಗಿ ಕಾಣುತ್ತದೆ. ದಪ್ಪದಿಂದ ಭಾಗಿಸಿದರೆ ಎರಡಕ್ಕೂ ಮಿಲಿಮೀಟರಿಗೆ ೦.೨೦ ಬರುತ್ತದೆ, ಎಂದರೆ ಎರಡೂ ಪಡೆದ ಡೋಸು ಒಂದೇ. ಮಿಲಿಮೀಟರಿಗೆ ೦.೨೦ ಎಂಬುದು ೨೫ ಕಿಲೋಗ್ರೇಗೆ ಸಮವೆಂದು ಆ ತಂಡದ ತುಂಡುಗಳ ನಕ್ಷೆ ಹೇಳಿದರೆ ಉತ್ತರ ಸಿಕ್ಕಿತು. ಈ ನಕ್ಷೆ ಸರಳರೇಖೆಯಲ್ಲ. ಡೋಸು ಏರಿದಂತೆ ಬಾಗುತ್ತದೆ, ಕೊನೆಗೆ ಮಟ್ಟಸವಾಗುತ್ತದೆ. ಒಂದು ಸಲ ತಯಾರಿಸಿದ ತಂಡಕ್ಕೂ ಮುಂದಿನ ತಂಡಕ್ಕೂ ನಕ್ಷೆ ಬೇರೆ. ನಕ್ಷೆಯನ್ನು ತಯಾರಿಸಲು ಡೋಸು ಮೊದಲೇ ಖಚಿತವಾಗಿ ತಿಳಿದಿರುವ ಕಡೆ ತುಂಡುಗಳನ್ನು ಇಡಬೇಕು. ನಮ್ಮ ದೇಶದಲ್ಲಿ ಅಂಥ ಮೂಲ ಅಳತೆಯ ಹೊಣೆ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ್ದು.

ಇಷ್ಟು ಕೂದಲು ಸೀಳುವುದೇಕೆ, ಶೇಕಡ ಹತ್ತು ಹೆಚ್ಚುಕಡಮೆಯಾದರೆ ಏನು ಮುಳುಗಿಹೋಯಿತು ಎಂದು ನಮ್ಮಂಥ ಕಲಾ ವಿದ್ಯಾರ್ಥಿಗಳು ಕೇಳುವುದು ಸಹಜ. ಮುಳುಗುವುದು ಸಣ್ಣದೇನಲ್ಲ. ವಿಕಿರಣ ಸೂಕ್ಷ್ಮಜೀವಿಗಳನ್ನು ಒಂದೇ ಸಲಕ್ಕೆ ಗುಡಿಸಿಹಾಕುವುದಿಲ್ಲ. ಇಂತಿಷ್ಟು ಡೋಸಿಗೆ ಹತ್ತರಲ್ಲಿ ಒಂಬತ್ತು ಸಾಯುತ್ತವೆ; ಮತ್ತೆ ಅಷ್ಟೇ ಡೋಸಿಗೆ ಉಳಿದವುಗಳಲ್ಲಿ ಹತ್ತಕ್ಕೆ ಒಂಬತ್ತು. ಒಂದು ಜಾತಿಯ ಸೂಕ್ಷ್ಮಜೀವಿಗೆ ಈ ಮೆಟ್ಟಿಲು ೨.೫ ಕಿಲೋಗ್ರೇ ಎಂದಿಟ್ಟುಕೊಂಡರೆ ೨೫ ಕಿಲೋಗ್ರೇಯಲ್ಲಿ ಹತ್ತು ಮೆಟ್ಟಿಲು ಆಗುತ್ತವೆ. ಡೋಸು ಶೇಕಡ ಹತ್ತು ಕಡಮೆಯಾದರೆ ಒಂದು ಮೆಟ್ಟಿಲು ತಪ್ಪಿತು, ಬದುಕಿ ಉಳಿಯುವ ಜೀವಿಗಳ ಸಂಖ್ಯೆ ಹತ್ತರಷ್ಟಾಯಿತು. ಶೇಕಡ ಇಪ್ಪತ್ತು ಕಡಮೆಯಾದರೆ ನೂರರಷ್ಟು. ಮೇಲಿನ ಲೆಕ್ಕದಲ್ಲಿ ದಪ್ಪದಿಂದ ಭಾಗಿಸಲು ಮರೆತವನು ಮಾಡುವ ತಪ್ಪು ಸರಿಸುಮಾರು ಶೇಕಡ ಹತ್ತು. ಆ ತಪ್ಪಿನ ಫಲ ಕೊನೆಗೆ ಕಾಣಿಸಿಕೊಳ್ಳುವುದು ಯಾವುದೋ ಊರಿನ ಹೆರಿಗೆ ವಾರ್ಡಿನಲ್ಲಿ. ಹಾಗೆಂದು ಡೋಸನ್ನು ಧಾರಾಳವಾಗಿ ಹೆಚ್ಚಿಸಿಬಿಡುವಂತೆಯೂ ಇಲ್ಲ. ಹೆಚ್ಚಾದರೆ ಪ್ಲಾಸ್ಟಿಕ್ ಸಾಮಾನು ಹಳದಿಯಾಗಿ ಪೆಡಸಾಗುತ್ತದೆ, ದಾರದ ಬಲ ತಗ್ಗುತ್ತದೆ, ಮೆಣಸಿನ ಘಮ ಕೆಡುತ್ತದೆ.

ಇದೇ ಸಂದರ್ಭದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ವಿಕಿರಣದಿಂದ ಶುದ್ಧಿಗೊಳಿಸಿದ ವೈದ್ಯಕೀಯ ಸಾಮಾನಿನ ಪೆಟ್ಟಿಗೆಗಳ ಮೇಲೆ ಒಂದು ಸಣ್ಣ ಗುಂಡನೆಯ ಚೀಟಿ ಅಂಟಿಸಿರುವುದುಂಟು. ಮೊದಲು ಹಳದಿ, ಆಮೇಲೆ ಕೆಂಪು. ಹಲವು ಚೀಟಿಗಳಲ್ಲಿ ವಿಕಿರಣ ಬಿದ್ದಾಗ ಪಿ.ವಿ.ಸಿ. ಪ್ಲಾಸ್ಟಿಕ್ಕಿನಿಂದ ಸ್ವಲ್ಪ ಆಮ್ಲ ಬಿಡುಗಡೆಯಾಗಿ, ಆಮ್ಲಕ್ಕೆ ಬಣ್ಣ ಬದಲಿಸುವ ದ್ರವ್ಯವನ್ನು ಕೆಂಪಾಗಿಸುತ್ತದೆ. ಪ್ರೌಢಶಾಲೆಯ ಲಿಟ್ಮಸ್ ಕಾಗದದ ಆಟವೇ ಇದು. ಕೆಂಪಾದ ಚೀಟಿಯನ್ನು ನೋಡಿ ‘೨೫ ಕಿಲೋಗ್ರೇ ಆಗಿದೆ’ ಎಂದು ನಂಬುವವರಿದ್ದಾರೆ. ಚೀಟಿ ಹೇಳುವುದು ಈ ಪೆಟ್ಟಿಗೆ ಒಳಗೆ ಹೋಗಿ ಬಂದಿದೆ ಎಂಬಷ್ಟನ್ನು ಮಾತ್ರ. ಬೇಕಾದ ಡೋಸು ಪೂರ್ಣವಾಗುವ ಮೊದಲೇ ಅದು ಕೆಂಪಾಗಿರುತ್ತದೆ. ಗೋದಾಮಿನಲ್ಲಿ ಹೋದದ್ದು, ಹೋಗಬೇಕಾದದ್ದು ಅದಲುಬದಲಾಗದಿರಲು ಅದು ಉಪಯುಕ್ತ. ಅಳತೆಯ ಕೆಲಸ ಅದರದಲ್ಲ. ಅಳೆಯುವ ತುಂಡನ್ನು ಪೆಟ್ಟಿಗೆಯ ನಿಗದಿಯಾದ ಜಾಗಗಳಲ್ಲಿಟ್ಟು, ಹೊರತೆಗೆದು, ಓದಿ, ದಾಖಲೆಮಾಡಿ, ಆಮೇಲೆ ಸಾಮಾನನ್ನು ಬಿಡುಗಡೆ ಮಾಡಬೇಕು.

ನಿಗದಿಯಾದ ಜಾಗ ಎಂದೆ. ಕೊಬಾಲ್ಟ್-೬೦ ಎಂಬ ವಿಕಿರಣಶೀಲ ಲೋಹದ ಕಡ್ಡಿಗಳ ಮುಂದೆ ಪೆಟ್ಟಿಗೆಗಳು ಸಾಗುತ್ತವೆ. ಕಡ್ಡಿಗೆ ಹತ್ತಿರದ ಮುಖಕ್ಕೆ ಹೆಚ್ಚು, ನಡುವಿಗೆ ಕಡಮೆ. ಪೆಟ್ಟಿಗೆಯನ್ನು ತಿರುಗಿಸಿ ಎರಡೂ ಕಡೆಯಿಂದ ಹಾಯಿಸಿದರೂ ಪೂರ್ಣ ಸಮವಾಗದು. ಆದುದರಿಂದ ಮೊದಲ ಸಲ ಪೆಟ್ಟಿಗೆಯ ತುಂಬ ಹಾಳೆಗಳನ್ನಿಟ್ಟು, ಅತಿ ಕಡಮೆ ಎಲ್ಲಿ, ಅತಿ ಹೆಚ್ಚು ಎಲ್ಲಿ ಎಂದು ನಕ್ಷೆ ಮಾಡುತ್ತಾರೆ. ಕಡಮೆಯ ಜಾಗಕ್ಕೂ ಸಾಕಷ್ಟು ಸಿಗಬೇಕು, ಹೆಚ್ಚಿನ ಜಾಗ ಮಿತಿ ಮೀರಬಾರದು. ಕೊಬಾಲ್ಟಿನ ಬಲವೂ ಪ್ರತಿ ತಿಂಗಳು ಸುಮಾರು ಶೇಕಡ ಒಂದರಂತೆ ಕುಗ್ಗುತ್ತ, ಐದೂಕಾಲು ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಇಂದು ಸರಿಹೋದ ಹೊತ್ತು ಬರುವ ವರ್ಷ ಸಾಲದು.

ನಮ್ಮ ದೇಶದಲ್ಲಿ ಇಂಥ ಮೊದಲ ದೊಡ್ಡ ಸ್ಥಾವರ ವೈದ್ಯಕೀಯ ಸಾಮಾನಿಗಾಗಿ ೧೯೭೪ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ‘ಐಸೊಮೆಡ್’. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ‘ರಶ್ಮಿ’ ಎಂಬ ಸ್ಥಾವರ ಬಂತು. ಕೋಲಾರ ಜಿಲ್ಲೆಯ ಮಾಲೂರಿನ ಸ್ಥಾವರ ಮಾವನ್ನು ಅಮೆರಿಕಕ್ಕೆ ಕಳುಹಿಸುವುದಕ್ಕೆ ಒದಗಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೋಟ್ರಾನ್ ಕೇಂದ್ರದ್ದು ಬೇರೆಯ ಬಗೆ. ಅಲ್ಲಿ ಕೊಬಾಲ್ಟ್ ಬದಲು ೮ ಮಿಲಿಯನ್ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳ ಹೊನಲನ್ನು ಉಪಯೋಗಿಸುತ್ತಾರೆ. ಅಂಥ ಎಲೆಕ್ಟ್ರಾನುಗಳು ನೀರಿನಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ಆಳಕ್ಕೆ ಹೋಗಿ ನಿಲ್ಲುತ್ತವೆ. ಡೋಸು ಆಳದೊಡನೆ ಬೇಗಬೇಗ ಬದಲಾಗುತ್ತದೆ. ಇಂಥಲ್ಲಿ ಮೂರು ಮಿಲಿಮೀಟರು ದಪ್ಪದ ಪರ್‌ಸ್ಪೆಕ್ಸು ತನ್ನ ದಪ್ಪದುದ್ದಕ್ಕೂ ಸರಾಸರಿಯನ್ನಷ್ಟೇ ಹೇಳೀತು. ಒಂದು ಮಿಲಿಮೀಟರಿನ ಇಪ್ಪತ್ತನೆಯ ಪಾಲಿನಷ್ಟು ತೆಳುವಾದ ನೈಲಾನ್ ಹಾಳೆಗಳನ್ನು ಪದರ ಪದರವಾಗಿ ಇಟ್ಟರೆ ಪ್ರತಿಯೊಂದು ಆಳದ ಡೋಸೂ ಬೇರೆಬೇರೆಯಾಗಿ ಸಿಗುತ್ತದೆ.

ತೆಳು ಹಾಳೆಗೆ ಅದರದೇ ಆದ ಸೆಡವೂ ಉಂಟು. ಬಿಸಿಲು ತಾಗಿದರೆ, ಕೊಠಡಿಯ ಬಿಳಿ ಟ್ಯೂಬ್ ದೀಪ ತಾಗಿದರೂ ಸಹ, ವಿಕಿರಣವಿಲ್ಲದೆ ನೀಲಿಯಾಗತೊಡಗುತ್ತದೆ. ಗಾಳಿಯ ತೇವವೂ ಅದರ ಲೆಕ್ಕವನ್ನು ತಪ್ಪಿಸುತ್ತದೆ. ಕಡೂರಿನ ಒಣ ಬೇಸಗೆಯಲ್ಲಿ ಬಿಚ್ಚಿಟ್ಟ ಹಾಳೆಯೂ, ತರೀಕೆರೆ ತಾಲ್ಲೂಕಿನದೇ ಆದ ಕೆಮ್ಮಣ್ಣುಗುಂಡಿಯ ಮಂಜಿನಲ್ಲಿ ಬಿಚ್ಚಿಟ್ಟ ಹಾಳೆಯೂ ಒಂದೇ ಡೋಸಿಗೆ ಒಂದೇ ಉತ್ತರ ಕೊಡುವುದಿಲ್ಲ. ಹದವಾದ ತೇವದಲ್ಲಿಟ್ಟು ಚೀಲದಲ್ಲಿ ಮುಚ್ಚುವುದು ಅದಕ್ಕೇ. ಸ್ಥಾವರದೊಳಗಿನ ಸೆಕೆಯೂ ಬಣ್ಣದ ಮೇಲೆ ಪರಿಣಾಮ ಮಾಡುವುದರಿಂದ, ನಕ್ಷೆಯನ್ನು ಸ್ಥಾವರದ ನಿಜವಾದ ಸ್ಥಿತಿಗೆ ಹೋಲಿಸಿ ನೋಡದೆ ನಂಬಬಾರದು.

ಈಗ ಈರುಳ್ಳಿಗೆ ಹಿಂದಿರುಗೋಣ. ೧೯೯೪ರಲ್ಲಿ ಭಾರತ ಸರ್ಕಾರ ಈರುಳ್ಳಿ, ಆಲೂಗೆಡ್ಡೆ ಹಾಗೂ ಸಂಬಾರಗಳಿಗೆ ವಿಕಿರಣ ಕೊಡಲು ಅನುಮತಿ ನೀಡಿತು. ಮಹಾರಾಷ್ಟ್ರದ ಲಾಸಲಗಾಂವ್ ಎಂಬ ಈರುಳ್ಳಿ ಪೇಟೆಯಲ್ಲಿ ೨೦೦೨ರಲ್ಲಿ ‘ಕೃಷಕ್’ ಎಂಬ ಸ್ಥಾವರ ಸಿದ್ಧವಾಯಿತು. ವಿಕಿರಣ ಪಡೆದ ಈರುಳ್ಳಿ ತಾನು ವಿಕಿರಣ ಬೀರುವುದಿಲ್ಲ. ಕೊಬಾಲ್ಟಿನ ಗಾಮಾ ಕಿರಣಕ್ಕೆ ಪರಮಾಣುವಿನ ತಿರುಳನ್ನು ಕದಲಿಸುವಷ್ಟು ಶಕ್ತಿಯಿಲ್ಲ. ಗೆಡ್ಡೆಯ ನಡುವಿನ ಮೊಳಕೆಯ ಕಣಗಳು ವಿಭಜನೆಗೊಳ್ಳುವ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತವೆ, ಅಷ್ಟೆ.

ಸ್ವಾರಸ್ಯವೇನೆಂದರೆ, ಇಷ್ಟು ಹೊತ್ತು ಹೊಗಳಿದ ಬಣ್ಣದ ಪರ್‌ಸ್ಪೆಕ್ಸು ಈರುಳ್ಳಿಯ ವಿಷಯದಲ್ಲಿ ನಿರುಪಯೋಗಿ. ಮೇಲಿನ ಉದಾಹರಣೆಯಂತೆ ೨೫ ಕಿಲೋಗ್ರೇಗೆ ಮಿಲಿಮೀಟರಿಗೆ ೦.೨೦ ಹೀರಿಕೆಯಾದರೆ, ೬೦ ಗ್ರೇಗೆ ಮೂರು ಮಿಲಿಮೀಟರಿನ ತುಂಡಿನಲ್ಲಿ ಬರುವುದು ಸುಮಾರು ೦.೦೦೧೪. ಉಪಕರಣದ ಮುಳ್ಳು ತನ್ನಷ್ಟಕ್ಕೆ ತಾನೇ ಅಷ್ಟು ಅಲುಗಾಡುತ್ತದೆ. ಈರುಳ್ಳಿ ಮೂಟೆ ತೂಗುವ ಕಾಟಾದಲ್ಲಿ ಮೂಗುತಿ ತೂಗಿದಂತಾಯಿತು. ಇಂಥ ಸಣ್ಣ ಡೋಸಿಗೆ ಹ್ಯೂಗೊ ಫ್ರಿಕ್ ಎಂಬವನು ೧೯೨೭ರಲ್ಲಿ ತೋರಿಸಿಕೊಟ್ಟ ದ್ರಾವಣ ಇಂದಿಗೂ ನಡೆಯುತ್ತದೆ. ನಮ್ಮ ಹಿರಿಯರು ಅನ್ನಭೇದಿ ಎಂದು ಕರೆಯುತ್ತಿದ್ದ ಫೆರಸ್ ಸಲ್ಫೇಟನ್ನು ತೆಳು ಗಂಧಕಾಮ್ಲದಲ್ಲಿ ಕರಗಿಸಿದರೆ ಅದು ಸಿದ್ಧ. ವಿಕಿರಣದಿಂದ ಫೆರಸ್ ಕಬ್ಬಿಣ ಫೆರಿಕ್ ಆಗುತ್ತದೆ. ಆ ಬದಲಾವಣೆ ನೇರಳಾತೀತದಲ್ಲಿ, ೩೦೪ ನ್ಯಾನೋಮೀಟರಿನ ಸುಮಾರಿಗೆ, ಅಳತೆಗೆ ಸಿಗುತ್ತದೆ. ಕೆಲವು ಹತ್ತು ಗ್ರೇಗಳಿಂದ ೪೦೦ ಗ್ರೇವರೆಗೆ ಇದು ನಂಬಿಕೆಗೆ ಅರ್ಹ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ, ವಿಕಿರಣ ಬಿದ್ದಲ್ಲಿ ತಾನೇ ನೀಲಿಗಟ್ಟುವ ಬೇರೊಂದು ಜಾತಿಯ ಸೂಕ್ಷ್ಮ ಹಾಳೆಗಳೂ ಈ ಎಲ್ಲೆಯೊಳಗೆ ಬರುತ್ತವೆ.

ಡೋಸನ್ನು ಸರಿಯಾಗಿ ಅಳೆದ ಮೇಲೂ ನಮ್ಮ ರೈತರು ಲೆಕ್ಕಕ್ಕೆ ಹಿಡಿಯಬೇಕಾದ ಎರಡು ಸಂಗತಿಗಳಿವೆ. ಗೆಡ್ಡೆ ಇನ್ನೂ ನಿದ್ರಾವಸ್ಥೆಯಲ್ಲಿರುವಾಗ, ಕಿತ್ತ ಕೆಲವೇ ವಾರಗಳೊಳಗೆ, ವಿಕಿರಣ ಕೊಡಬೇಕು. ಒಳಗೆ ಮೊಳಕೆ ಎದ್ದ ಮೇಲೆ ಕೊಟ್ಟರೆ ಪ್ರಯೋಜನ ಬಹಳ ಕಡಮೆ. ಎರಡನೆಯದಾಗಿ, ವಿಕಿರಣ ತಡೆಯುವುದು ಮೊಳಕೆಯನ್ನು. ಕೊಳೆಯನ್ನು ಈ ಸಣ್ಣ ಡೋಸು ತಡೆಯಲಾರದು. ಲಾಸಲಗಾಂವಿನಲ್ಲಿ ದಾಸ್ತಾನಿಡುವುದು ಹೆಚ್ಚಾಗಿ ಬೇಸಗೆಯಲ್ಲಿ ಒಣಗಿ ಬಂದ ಹಿಂಗಾರು ಈರುಳ್ಳಿ. ಅಜ್ಜಂಪುರ, ತರೀಕೆರೆ, ಕಡೂರುಗಳದು ಬಹುಮಟ್ಟಿಗೆ ಮುಂಗಾರಿನ ಬೆಳೆ. ಮಳೆ ಇನ್ನೂ ಬಿಡದಿರುವಾಗಲೇ ಕೀಳುತ್ತೇವೆ, ಗೆಡ್ಡೆಯಲ್ಲಿ ನೀರಿನಂಶ ಹೆಚ್ಚು, ಕುತ್ತಿಗೆ ಹಸಿ. ಹೊಲದಲ್ಲಿ ಒಣಗಿಸಲು ನಾಲ್ಕು ದಿನದ ಬಿಸಿಲು ಸಿಗದ ವರ್ಷ ಆ ಈರುಳ್ಳಿ ಮೊಳೆಯುವ ಮೊದಲೇ ಕೊಳೆಯುತ್ತದೆ. ಅಂಥ ಮೂಟೆಗೆ ೬೦ ಗ್ರೇ ಕೊಟ್ಟು, ಅದನ್ನು ಎಷ್ಟೇ ನಿಖರವಾಗಿ ಅಳೆದರೂ ಸಾಗಣೆಯ ಹಣ ನಷ್ಟ. ನಮ್ಮ ಮೂರು ತಾಲ್ಲೂಕುಗಳಿಗೆ ಮೊದಲು ಬೇಕಾದದ್ದು ಗಾಳಿಯಾಡುವ ಈರುಳ್ಳಿ ಶೆಡ್ಡು ಮತ್ತು ಒಣಗಿಸುವ ಅನುಕೂಲ ಎಂದು ನನ್ನ ಅಭಿಪ್ರಾಯ. ಚೆನ್ನಾಗಿ ಒಣಗಿದ ಗೆಡ್ಡೆ ಕೈಯಲ್ಲಿದ್ದರೆ ಆಗ ವಿಕಿರಣದ ಮಾತು ಆಡಬಹುದು. ಆಗ ಸ್ಥಾವರದವರನ್ನು ಕೇಳಬೇಕಾದ ಪ್ರಶ್ನೆ ಇದು: ಪೆಟ್ಟಿಗೆಯ ಅಂಚಿನ ಈರುಳ್ಳಿಗೆ ಎಷ್ಟು ಗ್ರೇ, ನಡುವಿನದಕ್ಕೆ ಎಷ್ಟು, ಯಾವುದರಿಂದ ಅಳೆದಿರಿ?